‘ಸೀರಿಯಸ್’ ಎಂಬ ಪದದ ಬಳಕೆಗೆ ಸಂಬಂಧಿಸಿದಂತೆ

ನಮ್ಮ ಕಡೆ ಫೋನಿನಲ್ಲಿ ಬಳಕೆಯಲ್ಲಿರುವ ‘ಸೀರಿಯಸ್’ ಎಂಬ ಪದದ ಬಗ್ಗೆ, ಮತ್ತು ಆ ಪದವನ್ನು ನಾನು ಯೋಚಿಸದೆ ಬಳಸಿದ್ದರಿಂದ ನನ್ನ ತಾಯಿಯವರಿಗೆ ಆಗಬಹುದಾಗಿದ್ದ ಅನಾಹುತದ ಬಗ್ಗೆ, ನೆನಪಿರುವಷ್ಟನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ನಮೂದಿಸುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಈ ಪದದ ಅರ್ಥ ಎಲ್ಲರಿಗೂ ತಿಳಿದಿರುವುದೇ. ರೋಗಿಯ ಸ್ಥಿತಿ ಗಂಭೀರವಾಗಿದೆ, ಜೀವಕ್ಕೆ ಅಪಾಯವಿದೆ ಎಂದು. ಆದರೆ ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಹರಡಿಕೊಂಡಿರುವ ನಮ್ಮ ನೆಂಟರಿಷ್ಟರ ನಡುವೆ ಇದೇ ಪದಕ್ಕೆ ಇನ್ನೊಂದು ಅರ್ಥವಿದೆ. ದೂರದಲ್ಲಿರುವ ಮಗಳಿಗೋ ತಮ್ಮನಿಗೋ ಫೋನ್ ಮಾಡಿ “ಸೀರಿಯಸ್ಸು, ಬೇಗ ಬಾ” ಎಂದರೆ, ಆ ವ್ಯಕ್ತಿ ಆಗಲೇ ತೀರಿಕೊಂಡಿದ್ದಾರೆ ಎಂದರ್ಥ. ಬರುವವರು ಬಸ್ಸಿನಲ್ಲಿ ಒಬ್ಬರೇ ಕುಳಿತು ಎದೆ ಒಡೆದುಕೊಳ್ಳದಿರಲಿ ಎಂಬ ಕಾಳಜಿಯಿಂದ ಹಾಗೆ ಹೇಳುತ್ತಾರೆ. ಹೇಳುವವರಿಗೂ ಗೊತ್ತಿರುತ್ತದೆ, ಕೇಳುವವರಿಗೂ ಬಹುಮಟ್ಟಿಗೆ ಗೊತ್ತಿರುತ್ತದೆ.

ನನಗೆ ಒಮ್ಮೆ ಗೊತ್ತಿರಲಿಲ್ಲ. ನಾನು ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ನಮ್ಮ ತಂದೆಯವರು ಹೋದ ದಿನ ಗೌರಿಬಿದನೂರಿನಿಂದ ನನ್ನ ತಮ್ಮ ಕಚೇರಿಯಲ್ಲಿದ್ದ ನನಗೆ ಫೋನ್ ಮಾಡಿ, “ಅಪ್ಪ ಸೀರಿಯಸ್ ಅಕ್ಕ, ಬೇಗ ಬಾ” ಎಂದಿದ್ದ. ನಾನು ಆ ಮಾತನ್ನು ಇದ್ದ ಹಾಗೆಯೇ ಸ್ವೀಕರಿಸಿದೆ. ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಾಯಿಸುವಾಗ ಬ್ರೆಡ್ಡನ್ನೂ ಆರು ಮೂಸಂಬಿಯನ್ನೂ ಕೊಂಡೆ. ಅವರು ಹುಷಾರಾಗಿ ಎದ್ದು ಕುಳಿತ ಮೇಲೆ ರಸ ಹಿಂಡಿ ಕೊಡುವುದು ಯಾರು, ನಾನೋ ಅಮ್ಮನೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಬೀದಿ ತಿರುಗುತ್ತಲೇ ಮನೆಯ ಮುಂದೆ ಬೆಂಚುಗಳು, ಬೆಂಚುಗಳ ಮೇಲೆ ತಲೆ ತಗ್ಗಿಸಿ ಕುಳಿತ ಗಂಡಸರು, ಹೊಗೆಯಾಡುತ್ತಿದ್ದ ಸೌದೆ ಕಂಡವು. ತಮ್ಮ ಎದ್ದು ಬಂದು ನನ್ನ ಕೈಯಿಂದ ಹಣ್ಣಿನ ಚೀಲವನ್ನು ತೆಗೆದುಕೊಂಡ.

“ನೀನು ಒಬ್ಳೇ ಬರ್ತಿದ್ದೆ ಅಕ್ಕ. ಹೆಂಗೆ ಹೇಳ್ಲಿ ನಾನು?” ಎಂದ.

ಆ ಮೂಸಂಬಿಗಳನ್ನು ಯಾರೂ ತಿನ್ನಲಿಲ್ಲ. ಹನ್ನೊಂದನೆಯ ದಿನ ಅಡುಗೆಮನೆ ತೊಳೆಯುವಾಗ ಅವು ಗೂಡಿನಲ್ಲಿ ಒಣಗಿ ಗಟ್ಟಿಯಾಗಿದ್ದವು. ಇದು ಹಳೆಯ ಸಂಗತಿಯಾದರೂ ಮುಂದಿನದಕ್ಕೆ ಅಗತ್ಯವಾದುದರಿಂದ ಮೊದಲಿಗೇ ತಿಳಿಸಿದ್ದೇನೆ.

ತಂದೆಯವರು ಹೋದ ಮೇಲೆ ಅಮ್ಮ ತಮ್ಮನ ಮನೆಯಲ್ಲಿಯೇ ಇದ್ದಾರೆ. ವರ್ಷಕ್ಕೊಮ್ಮೆ ಅವರೆಕಾಯಿಯ ಕಾಲದಲ್ಲಿ ಶಿಡ್ಲಘಟ್ಟಕ್ಕೆ ಬಂದು ನನ್ನ ಜೊತೆ ಒಂದು ವಾರ ಇದ್ದು ಹೋಗುವುದು ರೂಢಿ. ಕಳೆದ ಚಳಿಗಾಲದಲ್ಲಿಯೂ ಬಂದರು. ಬಂದ ದಿನವೇ ಎರಡು ಸಂಗತಿಗಳು ನನ್ನ ಗಮನಕ್ಕೆ ಬಂದವು. ಒಂದು, ಅವರು ತಮ್ಮ ಹಲ್ಲಿನ ಸೆಟ್ಟನ್ನು ಗೌರಿಬಿದನೂರಿನ ಮನೆಯ ಬಚ್ಚಲ ಗೂಡಿನಲ್ಲಿ, ಸ್ಟೀಲ್ ಲೋಟದ ನೀರಿನಲ್ಲಿ ಮರೆತು ಬಂದಿದ್ದರು.

“ಅವನಿಗೆ ಹೇಳಿ ಕೊರಿಯರ್ ಮಾಡಿಸ್ತೀನಿ ಬಿಡು” ಎಂದೆ.

“ಹಲ್ಲನ್ನ ಕೊರಿಯರ್ ಮಾಡ್ತಾರೇನೇ? ನೋಡ್ದೋರು ನಗ್ತಾರೆ” ಎಂದು ಅಮ್ಮ ಬೊಚ್ಚುಬಾಯಲ್ಲಿ ತಾವೇ ನಕ್ಕರು. “ಮುದ್ದೆಗೆ ಹಲ್ಲು ಯಾತಕ್ಕಮ್ಮ, ನುಂಗೋದೇ ತಾನೆ. ಹಿತಕಿದ ಬೇಳೆ ಸಾರಿಗೂ ಬ್ಯಾಡ. ನಿನ್ ಚಪಾತಿಗೆ ಮಾತ್ರ ಬೇಕಾಗ್ತದೆ. ಅದು ಹಲ್ಲಿದ್ದೋರಿಗೂ ಆಗಲ್ಲ.”

ಎರಡನೆಯದು ಮಾತ್ರೆಗಳು. ಏಳು ದಿನಗಳಿಗೆ ಬೇಕಾದ ಮಾತ್ರೆಗಳನ್ನು ತಮ್ಮನ ಹೆಂಡತಿ ಸ್ಟ್ರಿಪ್ ಪಟ್ಟಿಯಿಂದ ಬಿಡಿಸಿ, ಹಳೆಯ ಪತ್ರಿಕೆಯ ಕಾಗದದಲ್ಲಿ ಏಳು ಪೊಟ್ಟಣ ಕಟ್ಟಿ, ದಿನಕ್ಕೊಂದರಂತೆ ವಾರದ ಹೆಸರು ಬರೆದು ಕಳುಹಿಸಿದ್ದಳು. ಅಮ್ಮನಿಗೆ ಅನುಕೂಲವಾಗಲಿ ಎಂದು ಮಾಡಿದ ಕೆಲಸ. ಅದನ್ನು ನೋಡಿ ನಾನು ಮೆಚ್ಚಿಕೊಂಡಿದ್ದೆ. ವಾರದ ಹೆಸರುಗಳಿದ್ದವು. ಮಾತ್ರೆಯ ಹೆಸರುಗಳು ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಹೊಸ್ತಿಲ ಬಳಿ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು. ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳು ಚಿಟಕ್ಕೆಂದು ಸಿಪ್ಪೆಯಿಂದ ಹಾರಿ ಪಾತ್ರೆಗೆ ಬೀಳುವ ಶಬ್ದ ಒಳಗೆ ಕೇಳಿಸುತ್ತಿತ್ತು. ನನ್ನ ಯಜಮಾನರು ಶಾಲೆಯ ಮೇಷ್ಟರು. ಚಿಂತಾಮಣಿಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆಂದು ಬೆಳಿಗ್ಗೆಯೇ ಹೋಗಿದ್ದರು, ಅವರ ಫೋನ್ ಆಫ್ ಆಗಿತ್ತು. ನಾನು ಕಚೇರಿಗೆ ಹೊರಡಲು ಬುತ್ತಿ ಕಟ್ಟುತ್ತಾ ಗೋಡೆಯ ಗಡಿಯಾರ ನೋಡಿದೆ. ಒಂಬತ್ತು ಹತ್ತು.

“ಬೇಳೆ ಜಾರ್ತದೆ ಕಣೇ” ಎಂದರು ಅಮ್ಮ.

ಹೊರಗೆ ಬಂದೆ. ಎಡಗೈ ಹಿತುಕುತ್ತಿತ್ತು. ಬಲಗೈ ಬೆರಳುಗಳ ನಡುವಿನ ಕಾಳು ಸಿಪ್ಪೆಯ ಸಮೇತ ನೆಲಕ್ಕೆ ಉರುಳುತ್ತಿತ್ತು. ಇನ್ನೊಂದನ್ನು ತೆಗೆದುಕೊಂಡರು, ಅದೂ ಉರುಳಿತು. ತಲೆಯೆತ್ತಿ ನನಗೆ ಏನೋ ಹೇಳಿದರು, ಅದು ಕನ್ನಡವೂ ಆಗಿರಲಿಲ್ಲ, ತೆಲುಗೂ ಆಗಿರಲಿಲ್ಲ. ಬಾಯಿ ಒಂದು ಕಡೆಗೆ ಇಳಿದಿತ್ತು.

ಎದುರು ಮನೆಯ, ರೇಷ್ಮೆ ನೂಲು ತೆಗೆಯುವ ರೀಲರ್ ತಮ್ಮ ಆಟೋದಿಂದ ರೇಷ್ಮೆಗೂಡಿನ ಚೀಲಗಳನ್ನು ಬೀದಿಯಲ್ಲಿಯೇ ಇಳಿಸಿ, ಅಮ್ಮನನ್ನು ಎತ್ತಿ ಕೂರಿಸಿದರು. ಊರಿನ ಆಸ್ಪತ್ರೆಯಲ್ಲಿ ಐದು ನಿಮಿಷವೂ ಇಟ್ಟುಕೊಳ್ಳಲಿಲ್ಲ. “ಲಕ್ವ ಇದ್ದಂಗಿದೆ. ಚಿಕ್ಕಬಳ್ಳಾಪುರಕ್ಕೆ ಹೊರಡಿ, ಅಲ್ಲಿ ಸ್ಕ್ಯಾನ್ ಇದೆ. ಎಷ್ಟು ಗಂಟೆಗೆ ಶುರುವಾಯ್ತು ಅನ್ನೋದನ್ನ ಮಾತ್ರ ಮರೀಬೇಡಿ” ಎಂದು ಆಂಬುಲೆನ್ಸಿಗೆ ಹತ್ತಿಸಿದರು. ನಾನು ಪೆನ್ನು ತೆಗೆದು ಅಂಗೈಯ ಮೇಲೆ ೯.೧೦ ಎಂದು ಬರೆದುಕೊಂಡೆ. ದಾರಿಯಲ್ಲಿ ಅಮ್ಮನ ಎಡಗೈ ನನ್ನ ಸೆರಗಿನ ತುದಿಯನ್ನು ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತಲೇ ಇತ್ತು, ಕಾಳು ಹಿತುಕುವ ಹಾಗೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ಯುವ ವೈದ್ಯೆ ಇದ್ದರು. ಅವರು ಅಮ್ಮನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಕೈಕಾಲು ಎತ್ತಿಸಿ ನೋಡಿ, ನನ್ನ ಅಂಗೈಯಲ್ಲಿದ್ದ ಸಮಯವನ್ನು ಓದಿಕೊಂಡರು. “ಅಮ್ಮಂಗೆ ಏನಾಗಿದೆ ಮೇಡಂ?” ಎಂದು ಕೇಳಿದೆ.

“ಸೀರಿಯಸ್ ಇದೆ. ನಿಮ್ಮ ಕಡೆಯೋರಿಗೆ ಬೇಗ ಬರೋಕೆ ಹೇಳಿ” ಎಂದು ಸ್ಕ್ಯಾನಿನ ಚೀಟಿ ಬರೆಯತೊಡಗಿದರು.

ಮೇಲಿನಿಂದ ಬಂದ ಪತ್ರದಲ್ಲಿ ಯಾವ ಪದವಿದೆಯೋ ಅದೇ ಪದವನ್ನು ಕೆಳಗಿನವರಿಗೆ ಬರೆಯುವ ಪತ್ರದಲ್ಲಿಯೂ ಇರಿಸುವುದು ನನ್ನ ಇಪ್ಪತ್ತು ವರ್ಷಗಳ ಅಭ್ಯಾಸ. ಪದ ಬದಲಾಯಿಸಿದರೆ ನಾಳೆ ಉತ್ತರ ಕೊಡಬೇಕಾದವಳು ನಾನು. ಅದೇ ಅಭ್ಯಾಸದಿಂದ ತಮ್ಮನಿಗೆ ಫೋನ್ ಮಾಡಿ, ವೈದ್ಯರ ಮಾತನ್ನು ಚಾಚೂ ತಪ್ಪದೆ ರವಾನಿಸಿದೆ.

“ಅಮ್ಮ ಸೀರಿಯಸ್ ಕಣೋ. ಚಿಕ್ಕಬಳ್ಳಾಪುರದ ಆಸ್ಪತ್ರೇಲಿದೀವಿ. ಬೇಗ ಬಾ.”

ಅವನು ಬಹಳ ಮೆಲ್ಲಗೆ, “ಸರಿ ಅಕ್ಕ. ನೀನು ಧೈರ್ಯವಾಗಿರು. ನಾನು ಎಲ್ಲಾರ್ಗೂ ಹೇಳ್ತೀನಿ” ಎಂದ. ಅಷ್ಟರಲ್ಲಿ ಸ್ಟ್ರೆಚರ್ ಹೊರಟಿತು, ನಾನು ಫೋನ್ ಇಟ್ಟು ಅದರ ಹಿಂದೆ ಓಡಿದೆ. ‘ಎಲ್ಲಾರ್ಗೂ’ ಎಂದ ಮಾತನ್ನು ಆಗಲೇ ಗಮನಿಸಬೇಕಾಗಿತ್ತು. ಗಮನಿಸಲಿಲ್ಲ.

ಸ್ಕ್ಯಾನ್ ಮುಗಿಯುವಾಗ ಹನ್ನೊಂದಾಗುತ್ತಾ ಬಂದಿತ್ತು. ವೈದ್ಯೆ ನನ್ನನ್ನು ಮೇಜಿನ ಬಳಿ ಕರೆದು ನಿಲ್ಲಿಸಿಕೊಂಡು ಹೇಳಿದ್ದಿಷ್ಟು: ಮೆದುಳಿನಲ್ಲಿ ರಕ್ತ ಸೋರಿಲ್ಲ, ಹೆಪ್ಪುಗಟ್ಟಿ ನಾಳ ಕಟ್ಟಿಕೊಂಡಿದೆ. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಕೊಟ್ಟರೆ ಕೈಯೂ ಮಾತೂ ವಾಪಸ್ ಬರುವ ಸಾಧ್ಯತೆ ಇದೆ. ಆದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಶುರುವಾದದ್ದು ಒಂಬತ್ತು ಹತ್ತಕ್ಕೆ ಆದ್ದರಿಂದ, ಒಂದು ನಲವತ್ತು ದಾಟಿದರೆ ಕೊಡುವಂತಿಲ್ಲ. ಅದಕ್ಕೆ ಮೊದಲೇ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

“ಕೊಡಿ ಮೇಡಂ” ಎಂದೆ.

“ರಕ್ತ ತೆಳ್ಳಗಾಗೋಕೆ ಏನಾದ್ರೂ ಮಾತ್ರೆ ತಗೋತಾರಾ? ಕೆಲವು ಮಾತ್ರೆ ತಗೊಳ್ತಿದ್ರೆ ಈ ಇಂಜೆಕ್ಷನ್ನಿಂದ ತಲೆ ಒಳಗೇ ರಕ್ತ ಸೋರಬಹುದು. ಜೀವಕ್ಕೇ ಅಪಾಯ.”

ಹೊರಡುವಾಗ ಬ್ಯಾಗಿಗೆ ಹಾಕಿಕೊಂಡಿದ್ದ ಮಾತ್ರೆಯ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದೆ. ಎರಡು ಬಿಳಿ ಮಾತ್ರೆ, ಒಂದು ಹಳದಿ, ಒಂದು ಗುಲಾಬಿ ಬಣ್ಣದ್ದರ ಅರ್ಧ ಚೂರು. ಅವರು ಅದನ್ನು ನೋಡಿ ನನ್ನನ್ನು ನೋಡಿದರು.

“ಇದನ್ನ ನೋಡಿ ನಾನೇನು ಹೇಳ್ಲಿ ಅಮ್ಮ? ಹೆಸರು ಬೇಕು. ಹಾರ್ಟಿಗೆ ಎಲ್ಲಾದ್ರೂ ತೋರ್ಸಿದ್ರಾ?”

ತಮ್ಮ ಒಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದನೆಂಬುದು ಮಾತ್ರ ನನಗೆ ಗೊತ್ತಿತ್ತು. ಯಾವುದಕ್ಕೆ ಎಂದು ಗೊತ್ತಿರಲಿಲ್ಲ. ನಾನು ಹಿರಿಯ ಮಗಳು. ಕಚೇರಿಯಲ್ಲಿ ಯಾರ ಕಡತ ಯಾವ ಮೇಜಿನಲ್ಲಿ ಎಷ್ಟು ದಿನದಿಂದ ಇದೆ ಎಂದು ಕೇಳಿದರೆ ಎದ್ದು ನಿಂತು ಹೇಳಬಲ್ಲೆ. ನನ್ನ ತಾಯಿ ದಿನಾ ಬೆಳಿಗ್ಗೆ ಏನು ನುಂಗುತ್ತಾರೆಂದು ಹೇಳಲಾಗಲಿಲ್ಲ. “ರಕ್ತ ಪರೀಕ್ಷೆ ಮಾಡಿದ್ರೆ ಗೊತ್ತಾಗಲ್ವಾ?” ಎಂದೆ. ಲ್ಯಾಬಿಗೆ ಕಳುಹಿಸಿಯಾಗಿದೆ, ಆದರೆ ಎಲ್ಲ ಮಾತ್ರೆಗಳೂ ಅದರಲ್ಲಿ ಗೊತ್ತಾಗುವುದಿಲ್ಲ ಎಂದರು. “ಮನೇಲಿ ಪಟ್ಟಿ ಇರುತ್ತಲ್ಲ. ಫೋಟೋ ತೆಗೆದು ಕಳ್ಸೋಕೆ ಹೇಳಿ. ಎರಡು ನಿಮಿಷದ ಕೆಲಸ.”

ಎರಡು ನಿಮಿಷದ ಕೆಲಸಕ್ಕೆ ತಮ್ಮನಿಗೆ ಫೋನ್ ಮಾಡಿದೆ. ಬೇರೆ ಕರೆಯಲ್ಲಿದ್ದಾನೆ ಎಂದಿತು. ಮತ್ತೆ ಮಾಡಿದೆ, ಬೇರೆ ಕರೆಯಲ್ಲಿದ್ದಾನೆ. ಅವನ ಹೆಂಡತಿಯ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ಮಾತ್ರೆಯ ಹೆಸರು ಬೇಕು ಎಂದು ಇಬ್ಬರಿಗೂ ಮೆಸೇಜ್ ಹಾಕಿದೆ, ಯಾರೂ ನೋಡಲಿಲ್ಲ. ಗೋಡೆಯ ಗಡಿಯಾರದ ಕೆಳಗೇ ನಿಂತಿದ್ದೆ. ಹನ್ನೊಂದು ಐದು, ಹನ್ನೊಂದು ಹತ್ತು. ಅಷ್ಟರಲ್ಲಿ ನನ್ನ ಫೋನೇ ಬಡಿದುಕೊಂಡಿತು. ತಮ್ಮನಲ್ಲ, ಮುರುಗಮಲ್ಲದ ಚಿಕ್ಕಮ್ಮ, ಅಮ್ಮನ ಒಡಹುಟ್ಟಿದ ತಂಗಿ. ಬಸ್ಸಿನ ಸದ್ದು ಕೇಳಿಸುತ್ತಿತ್ತು.

“ನಾವು ಚಿಂತಾಮಣಿ ಬಿಟ್ವಿ ಕಣಮ್ಮ. ಎಲ್ಲಿಗ್ ಬರ್ಬೇಕು? ಶಿಡ್ಲಘಟ್ಟದ ಮನೆಗಾ, ಗೌರಿಬಿದನೂರಿಗಾ?”

“ಆಸ್ಪತ್ರೆಗೆ ಚಿಕ್ಕಮ್ಮ. ಚಿಕ್ಕಬಳ್ಳಾಪುರ.”

“ಇನ್ನೂ ಕೊಟ್ಟಿಲ್ವಾ ಅವ್ರು?”

“ಏನು ಕೊಟ್ಟಿಲ್ವಾ?”

ಚಿಕ್ಕಮ್ಮ ತಡವರಿಸಿದರು. “ಅಲ್ಲ ಕಣಮ್ಮ… ಎತ್ತೋದು ಎಷ್ಟೊತ್ತಿಗೆ ಅಂತ. ನಮ್ ಮನೆಯೋರು ಹೊಲದಿಂದ ಬರ್ಬೇಕು.”

ಎತ್ತುವುದೆಂದರೆ ಚಟ್ಟ ಎತ್ತುವುದು. ಮೂರು ಹೆಜ್ಜೆ ದೂರದಲ್ಲಿ ಪರದೆಯ ಹಿಂದೆ ಅಮ್ಮನ ಎಡಗಾಲಿನ ಹೆಬ್ಬೆರಳು ಹೊದಿಕೆಯ ಕೆಳಗೆ ಅಲುಗಾಡುತ್ತಿರುವುದು ನನಗೆ ಕಾಣಿಸುತ್ತಿತ್ತು.

“ಚಿಕ್ಕಮ್ಮ! ಅಮ್ಮ ಇದಾಳೆ! ಏನೂ ಆಗಿಲ್ಲ!”

“ನಿಜಂ ಚೆಪ್ಪಮ್ಮಾ” ಎಂದರು ಚಿಕ್ಕಮ್ಮ, ತೆಲುಗಿನಲ್ಲಿ, ನಿಜ ಹೇಳು ಎಂದು, ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ. “ನನ್ನತ್ರ ಮುಚ್ಚಿಡ್ಬ್ಯಾಡ. ನಾನು ಗಟ್ಟಿ ಇದೀನಿ.” ಹಾಗೆಂದು ಅಳತೊಡಗಿದರು. ಫೋನ್ ಕಡಿದುಹೋಯಿತು.

ಮುಂದಿನ ಕರೆಗೆ ತಮ್ಮ ಸಿಕ್ಕಿದ. ಹಿನ್ನೆಲೆಯಲ್ಲಿ ಬಸ್ ನಿಲ್ದಾಣದ ಗದ್ದಲವಿತ್ತು. ಯಾರೋ “ಇನ್ನೊಂದು ಮಾರು ಹಾಕಮ್ಮ” ಎನ್ನುತ್ತಿದ್ದರು. ಹೂವಿನವಳ ಹತ್ತಿರ ನಿಂತಿದ್ದಾನೆಂದು ತಿಳಿಯಿತು.

“ಲೋ, ಅಮ್ಮನ ಮಾತ್ರೆ ಪಟ್ಟಿ ಎಲ್ಲಿದೆ? ಫೋಟೋ ತೆಗೆದು ಕಳ್ಸು. ಅರ್ಜೆಂಟು.”

“ಮಾತ್ರೆ ಯಾಕಕ್ಕ ಈಗ?” ಅವನ ದನಿ ಬಿರಿದಿತ್ತು. “ಪೋಸ್ಟ್‌ಮಾರ್ಟಂಗೆ ಕೇಳ್ತಿದಾರಾ? ಅದೆಲ್ಲ ಬೇಡ ಅಂತ ಹೇಳು. ಕುಯ್ಯೋದು ಬೇಡ.”

“ಅಮ್ಮ ಬದುಕಿದಾಳೆ ಕಣೋ!”

“ಹೂಂ ಅಕ್ಕ.”

“ಹೂಂ ಅಲ್ಲ! ನಿಜವಾಗ್ಲೂ! ನನ್ನ ಮುಂದೇನೇ ಇದಾಳೆ, ಕಣ್ಣು ಬಿಟ್ಟಿದಾಳೆ.”

“ಅಕ್ಕ…” ಎಂದು ಅವನು ನಿಲ್ಲಿಸಿದ. “ಅಪ್ಪಂದು ಆದಾಗ ನಾನೂ ನಿಂಗೆ ಹಿಂಗೇ ಹೇಳಿದ್ದೆ ಅಲ್ವಾ? ಬಸ್ಸಲ್ಲಿ ನೀನು ಎರಡು ಸಲ ಫೋನ್ ಮಾಡ್ದೆ. ಎರಡು ಸಲಾನೂ ಇದಾರೆ ಅಂದೆ. ನಾನು ಗಾಡಿ ಓಡಿಸ್ತಾ ಇಲ್ಲ, ಡ್ರೈವರ್ ಇದಾನೆ. ನೀನು ಹೇಳ್ಬೋದು.”

ಆ ಗಳಿಗೆಯಲ್ಲಿ ನಾನು ಯಾವ ಪದವನ್ನು ಬಳಸಲಿ? ‘ಇದ್ದಾಳೆ’ ಎಂದರೆ ಸತ್ತಿದ್ದಾಳೆ ಎಂದು ಕೇಳಿಸುತ್ತಿತ್ತು. ‘ನಿಜವಾಗಿ’ ಎಂದರೆ ಇನ್ನೂ ಹೆಚ್ಚು ಸತ್ತ ಹಾಗೆ ಕೇಳಿಸುತ್ತಿತ್ತು. ಅವನು ನನಗೆ ಕೊಟ್ಟ ಸಮಾಧಾನವನ್ನೇ ನಾನು ಅವನಿಗೆ ಹಿಂತಿರುಗಿಸುತ್ತಿದ್ದೇನೆಂದು ಅವನು ತಿಳಿದಿದ್ದ. ಓಡಿಹೋಗಿ ವೈದ್ಯೆಯ ಕೈಗೆ ಫೋನ್ ಕೊಟ್ಟೆ. “ದಯವಿಟ್ಟು ನೀವೇ ಹೇಳಿ ಮೇಡಂ, ನನ್ನ ಮಾತು ನಂಬ್ತಿಲ್ಲ.”

ಅವರು ಇನ್ನೊಂದು ಕೈಯಲ್ಲಿ ಬೇರೆ ರೋಗಿಯ ಕಾಗದಕ್ಕೆ ಸಹಿ ಹಾಕುತ್ತಾ ಹೇಳಿದರು: “ನೋಡಿ, ಪೇಶೆಂಟ್ ಸೀರಿಯಸ್ ಇದಾರೆ. ನಮ್ಮ ಪ್ರಯತ್ನ ನಾವು ಮಾಡ್ತಾ ಇದೀವಿ. ಆ ಮಾತ್ರೆ ಹೆಸರು…”

ಫೋನ್ ನನ್ನ ಕೈಗೆ ಬರುವಷ್ಟರಲ್ಲಿ ಅವನು ಜೋರಾಗಿ ಅಳುತ್ತಿದ್ದ. “ಡಾಕ್ಟ್ರು ಹಂಗೇ ಹೇಳೋದು ಅಕ್ಕ. ಅಪ್ಪಂಗೂ ಹಂಗೇ ಅಂದ್ರಲ್ಲ, ನಮ್ಮ ಪ್ರಯತ್ನ ನಾವು ಮಾಡಿದೀವಿ ಅಂತ. ಹೊರಟೆ ನಾನು, ಬಂದ್ಬಿಟ್ಟೆ.”

ಅವನು ಹೊರಟುಬಿಟ್ಟರೆ ಮುಗಿಯಿತು. ಹೆಂಡತಿಯೂ ಜೊತೆಗೇ ಬರುತ್ತಾಳೆ, ಮನೆಗೆ ಬೀಗ, ಮಾತ್ರೆಯ ಪಟ್ಟಿ ಬೀಗದೊಳಗೆ, ಅವನು ಒಂದು ಗಂಟೆ ದಾರಿಯಲ್ಲಿ. ಬಂದ ಮೇಲೆ ವಾಪಸ್ ಹೋಗಲು ಸಮಯವಿಲ್ಲ. ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತೈದು.

ಆ ಹೊತ್ತಿಗೆ ನರ್ಸ್ ಪರದೆ ಸರಿಸಿ ಇಣುಕಿದರು. “ಅಜ್ಜಿ ಬಾಯಲ್ಲಿ ಕಟ್ಟಿಸಿದ ಹಲ್ಲೇನಾದ್ರೂ ಇದ್ಯಾಮ್ಮ? ಇದ್ರೆ ತೆಗೀಬೇಕು.”

“ಇಲ್ಲ ಸಿಸ್ಟರ್, ಊರಲ್ಲೇ ಮರೆತು ಬಂದಿದಾರೆ.”

“ಹಂಗಾದ್ರೆ ತರ್ಸಿಡಿ. ಆಮೇಲೆ ಊಟಕ್ಕೆ ಬೇಕಾಗ್ತದೆ.”

ನಾನು ಫೋನನ್ನು ಬಾಯಿಗೆ ಹತ್ತಿರ ಹಿಡಿದೆ. ಇಷ್ಟು ವರ್ಷಗಳಲ್ಲಿ ಯಾರ ಮೇಲೂ ಹಾಗೆ ಕಿರುಚಿದವಳಲ್ಲ. ಆಸ್ಪತ್ರೆಯಲ್ಲಿ ಮೌನ ಪಾಲಿಸಬೇಕೆಂದು ಗೋಡೆಯ ಮೇಲೆ ಬರೆದಿದ್ದುದು ಕಣ್ಣೆದುರಿಗೇ ಇತ್ತು.

“ಲೋ ಮುಠ್ಠಾಳ! ಅಮ್ಮನ ಹಲ್ ಸೆಟ್ ಎಲ್ಲೋ?”

ಅಳು ನಿಂತಿತು. “ಏನು?”

“ಹಲ್ ಸೆಟ್ ಕಣೋ! ಬಚ್ಚಲಲ್ಲಿ ಸ್ಟೀಲ್ ಲೋಟದಲ್ಲಿ ಬಿಟ್ಟು ಬಂದಿದಾಳೆ. ನಾಲ್ಕು ದಿನದಿಂದ ಬೊಚ್ಚುಬಾಯಲ್ಲಿ ಓಡಾಡ್ತಿದಾಳೆ, ನಿಂಗೆ ಗೊತ್ತೇ ಆಗ್ಲಿಲ್ವಾ? ದಿನಾ ಬಚ್ಚಲಿಗೆ ಹೋಗ್ತೀಯ, ಲೋಟ ಕಾಣಲ್ವಾ ನಿನ್ ಕಣ್ಣಿಗೆ?”

“ಹಲ್ ಸೆಟ್ ಯಾಕಕ್ಕ?”

“ತಿನ್ನೋಕೆ ಕಣೋ, ದರಿದ್ರದೋನೆ! ನರ್ಸಮ್ಮ ಕೇಳ್ತಿದಾರೆ! ಇಲ್ಲಿ ಊಟ ಕೊಟ್ರೆ ನಿನ್ ಹಲ್ಲಲ್ಲಿ ಅಗೀತಾಳಾ?”

ತಮ್ಮ ಮತ್ತೆ ಮಾತಾಡಿದ. ಅದು ಬೇರೆಯೇ ದನಿ.

“ಅಕ್ಕ. ಅಮ್ಮ ಇದಾಳಾ?”

“ಇದಾಳೆ.”

“ಡ್ರೈವರ್ರೇ, ತಿರುಗ್ಸಿ! ಮನೆಗೆ ತಿರುಗ್ಸಿ! ಹೂವ ಬ್ಯಾಡಮ್ಮ, ಬಿಡು, ಬಿಡು ಅಂದ್ನಲ್ಲ!”

ಸತ್ತವರ ಹಲ್ಲಿನ ಸೆಟ್ಟನ್ನು ಯಾರೂ ತರಿಸುವುದಿಲ್ಲ. ದೀಪ, ಹೊಸ ಸೀರೆ, ಹೂವಿನ ಹಾರ ತರಿಸುತ್ತಾರೆ. ಸಾವಿನ ಮನೆಯಲ್ಲಿ ತಮ್ಮನನ್ನು ಮುಠ್ಠಾಳ ಎಂದು ಯಾರೂ ಬೈಯುವುದೂ ಇಲ್ಲ. ಈ ಎರಡೂ ಸೇರಿ ಅವನಿಗೆ ನಂಬಿಕೆ ತರಿಸಿದವು ಎಂದು ಅವನೇ ಆಮೇಲೆ ಹೇಳಿದ.

ಮೊದಲು ಬಂದ ಫೋಟೋದಲ್ಲಿ ಅವನ ಹೆಬ್ಬೆರಳು ಮಾತ್ರ ಇತ್ತು. ಎರಡನೆಯದು ಅಲುಗಾಡಿ ಮಸುಕಾಗಿತ್ತು. ಮೂರನೆಯದರಲ್ಲಿ ನಾಲ್ಕು ಪಟ್ಟಿಗಳು ಸಾಲಾಗಿ ಹಾಸಿಗೆಯ ಮೇಲೆ, ನಾಲ್ಕನೆಯದರಲ್ಲಿ ಬೆಂಗಳೂರಿನ ವೈದ್ಯರ ಚೀಟಿ. ವೈದ್ಯೆ ನನ್ನ ಫೋನನ್ನು ತಾವೇ ಹಿಡಿದು, ಎರಡು ಬೆರಳಿನಿಂದ ಹಿಗ್ಗಿಸಿ ಓದಿದರು. ಅವರ ತುಟಿ ಅಲುಗಾಡುವುದನ್ನೇ ನೋಡುತ್ತಾ ನಿಂತೆ.

“ಇದು ಬಿಪಿದು. ಇದು ಕೊಲೆಸ್ಟ್ರಾಲ್. ಇದು ಗ್ಯಾಸಿಗೆ. ಇದು ಆಸ್ಪಿರಿನ್, ಪರವಾಗಿಲ್ಲ.” ಚೀಟಿಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದರು. “ನಾನು ಹೆದರಿದ್ದ ಮಾತ್ರೆ ಇಲ್ಲ. ಕೊಡಬಹುದು.”

ಲ್ಯಾಬಿನ ವರದಿಯೂ ಅಷ್ಟರಲ್ಲಿ ಬಂದಿತ್ತು. ಒಪ್ಪಿಗೆಯ ಕಾಗದವನ್ನು ನನ್ನ ಮುಂದಿಟ್ಟರು. ಅದರಲ್ಲಿ ರಕ್ತಸ್ರಾವದ ಸಾಧ್ಯತೆ ಇದೆ, ಜೀವಾಪಾಯವೂ ಆಗಬಹುದು ಎಂದಿತ್ತು. ಓದದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ, ಆದ್ದರಿಂದ ಪೂರ್ತಿ ಓದಿದೆ. ಪೆನ್ನು ಹಿಡಿದುಕೊಂಡೇ ಕೇಳಿದೆ: “ಸೀರಿಯಸ್ ಅಂದ್ರಲ್ಲ ಮೇಡಂ, ಅಂದ್ರೆ ಏನು?”

ಅವರಿಗೆ ಪ್ರಶ್ನೆ ವಿಚಿತ್ರವೆನಿಸಿರಬೇಕು. “ಏನು ಅಂದ್ರೆ? ಅಪಾಯ ಇದೆ, ತಕ್ಷಣ ಏನಾದ್ರೂ ಮಾಡ್ಬೇಕು ಅಂತ. ಮಾಡೋಕೇನೂ ಇಲ್ದಿದ್ರೆ ನಾನ್ಯಾಕೆ ಮಾತ್ರೆ ಹೆಸರು ಕೇಳ್ಲಿ?”

ಸಹಿ ಮಾಡಿದೆ. ಹನ್ನೆರಡು ಹತ್ತಕ್ಕೆ ಇಂಜೆಕ್ಷನ್ ಶುರುವಾಯಿತು.

ಆಮೇಲಿನ ಒಂದು ಗಂಟೆ ನಾನು ಬೇರೇನನ್ನೂ ನೋಡಲಿಲ್ಲ. ನರ್ಸ್ ಕಾಲುಗಂಟೆಗೊಮ್ಮೆ ಬಂದು ಬಿಪಿ ನೋಡಿ, “ಅಜ್ಜಿ, ಕೈ ಎತ್ತಿ” ಎನ್ನುತ್ತಿದ್ದರು. ಎಡಗೈ ಏಳುತ್ತಿತ್ತು. ಬಲಗೈ ಏಳುತ್ತಿರಲಿಲ್ಲ. ಪ್ರತಿ ಸಲವೂ ನಾನು ಅಮ್ಮನ ತಲೆನೋವು ಹೆಚ್ಚಾಯಿತೋ, ಕಣ್ಣು ಮುಚ್ಚಿತೋ ಎಂದು ಬಗ್ಗಿ ನೋಡುತ್ತಿದ್ದೆ. ತಮ್ಮನ ಮೇಲೆ ಕಿರುಚಿ ಕೊಡಿಸಿದ್ದು ಔಷಧವೋ ವಿಷವೋ ಎಂದು ಆ ಒಂದು ಗಂಟೆ ನನಗೆ ಗೊತ್ತಿರಲಿಲ್ಲ.

ಒಂದು ಗಂಟೆಯ ಸುಮಾರಿಗೆ ತಮ್ಮ, ಹೆಂಡತಿಯನ್ನು ಹೊರಗೆ ಕೂರಿಸಿ, ಒಳಗೆ ಬಂದ. ಕೈಯಲ್ಲಿ ಸ್ಟೀಲ್ ಲೋಟ, ಲೋಟದ ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿತ್ತು. ಒಳಗೆ ನೀರಿನ ಸಮೇತ ಹಲ್ಲಿನ ಸೆಟ್ಟು. ಚೆಲ್ಲೀತು ಎಂದು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದನಂತೆ. ಪರದೆ ಸರಿಸಿ ಅಮ್ಮನ ಕಾಲನ್ನು ಮುಟ್ಟಿ ನೋಡಿದ. ಕಾಲು ಬೆಚ್ಚಗಿದೆಯೇ ಎಂದು ನೋಡಿದ್ದೆಂದು ನನಗೆ ತಿಳಿಯಿತು. ಅಮ್ಮ ಅವನನ್ನು ನೋಡಿದರು, ಲೋಟವನ್ನು ನೋಡಿದರು, ಏನೋ ಹೇಳಿದರು. ಮಾತು ಜಾರಿತು. ಮತ್ತೆ ಹೇಳಿದರು. ಮೂರನೆಯ ಸಲಕ್ಕೆ ನಮಗಿಬ್ಬರಿಗೂ ಅರ್ಥವಾಯಿತು.

“ತೊಳ್ದು… ತಂದ್ಯಾ?”

ತಮ್ಮ ಲೋಟವನ್ನು ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟ.

ಅದೇ ಹೊತ್ತಿಗೆ ಆಸ್ಪತ್ರೆಯ ಗೇಟಿನ ಬಳಿ “ಅಯ್ಯೋ ನಮ್ಮಕ್ಕಾ” ಎಂಬ ರೋದನ ಕೇಳಿಸಿತು. ಚಿಕ್ಕಮ್ಮ ಬಂದಿದ್ದರು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಚೆಂಡುಹೂವಿನ ಹಾರದ ಕವರ್ ಹಿಡಿದುಕೊಂಡು. ಕಾವಲುಗಾರ ತಡೆದು, “ಇಲ್ಲಿ ಅಳಂಗಿಲ್ಲಮ್ಮ” ಎನ್ನುತ್ತಿದ್ದ. ನಾನು ಕೈಹಿಡಿದು ಒಳಗೆ ಕರೆತಂದು ತೋರಿಸಿದೆ. ಚಿಕ್ಕಮ್ಮ ತೆರೆದ ಬಾಯಿಯನ್ನು ಮುಚ್ಚಲಿಲ್ಲ. ಅಕ್ಕನ ಮುಖವನ್ನೇ ನೋಡಿ, ಆಮೇಲೆ ನನ್ನ ಕಡೆ ತಿರುಗಿ ಬೈದರು: “ಸೀರಿಯಸ್ಸು ಅಂತ ಯಾತಕ್ಕೆ ಹೇಳಿದ್ದು ಮತ್ತೆ? ಹುಷಾರಿಲ್ಲ ಅನ್ಬಾರ್ದಾ? ನಾನು ಸೂತಕ ಅಂತ ಒಲೆ ಆರಿಸಿ, ನೀರು ಸುರಿದು ಬಂದಿದೀನಿ!”

ಹೊರಗೆ ಬಂದಾಗ ಇನ್ನೊಂದು ತೊಡಕು ಕಾದಿತ್ತು. ತಮ್ಮ ಹೂವಿನವಳಿಗೆ ಬೇಡವೆಂದಿದ್ದರೂ ಕಟ್ಟಿ ಮುಗಿದಿದ್ದ ಒಂದು ಹಾರ ಕಾರಿನಲ್ಲಿಯೇ ಇತ್ತು. ಚಿಕ್ಕಮ್ಮನದು ಸೇರಿ ಎರಡು. ಆವರಣದ ಅರಳಿಕಟ್ಟೆಯ ನಾಗರಕಲ್ಲಿಗೆ ಹಾಕೋಣವೆಂದ ತಮ್ಮ.

“ಸಾವಿಗೆ ತಂದ ಹಾರ ದೇವ್ರಿಗೆ ಹಾಕ್ತಾರೇನೋ?” ಎಂದರು ಚಿಕ್ಕಮ್ಮ.

“ಯಾರೂ ಸತ್ತೇ ಇಲ್ವಲ್ಲ ಚಿಕ್ಕಮ್ಮ. ಮತ್ತೆ ಸಾವಿನ ಹಾರ ಹೆಂಗಾಯ್ತದೆ?”

“ತರೋವಾಗ ಏನಂದ್ಕೊಂಡು ತಂದೆ?”

ಕೊನೆಗೆ ಡ್ರೈವರ್, “ಕೊಡಿ ಇತ್ಲಾಗೆ” ಎಂದು ಎರಡನ್ನೂ ಕಾರಿನ ಮುಂಭಾಗಕ್ಕೆ ಕಟ್ಟಿಕೊಂಡು, ಗೌರಿಬಿದನೂರಿನ ಕಡೆ ಮದುವೆಯ ಗಾಡಿಯ ಹಾಗೆ ಹೊರಟುಹೋದ.

ಅಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಎರಡನೆಯ ದಿನ ಬಲಗೈ ಸ್ವಲ್ಪ ಎದ್ದಿತು. ಮಾತು ನಿಧಾನವಾಗಿ ಹಿಂದಿರುಗಿತು. ಈಗ ಕೋಲು ಹಿಡಿದು ಓಡಾಡುತ್ತಾರೆ. ಬಲಗೈ ಬೆರಳುಗಳಿಗೆ ವ್ಯಾಯಾಮಕ್ಕೆಂದು ಮೆತ್ತನೆಯ ಚೆಂಡು ಕೊಟ್ಟಿದ್ದಾರೆ. ಅದನ್ನು ಬದಿಗಿಟ್ಟು ನೆನೆಸಿದ ಕಾಳು ಕೇಳುತ್ತಾರೆ. ಹತ್ತಕ್ಕೆ ಮೂರೋ ನಾಲ್ಕೋ ಸಿಪ್ಪೆ ಬಿಡುತ್ತವೆ.

ಪದದ ವಿಷಯದಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಇನ್ನು ಮುಂದೆ ಇದ್ದದ್ದನ್ನು ಇದ್ದ ಹಾಗೆ ಕೇಳಬೇಕು, ಹೇಳಬೇಕು ಎಂದು ನಿರ್ಧರಿಸಿದೆ. ಎರಡು ತಿಂಗಳ ಹಿಂದೆ ಪೆರೇಸಂದ್ರದ ನೆಂಟರೊಬ್ಬರು ಫೋನ್ ಮಾಡಿ, “ನಮ್ಮ ಮಾವ ಸೀರಿಯಸ್ಸು ಕಣಮ್ಮ” ಎಂದಾಗ, “ಇದಾರಾ, ಇಲ್ವಾ?” ಎಂದು ನೇರವಾಗಿ ಕೇಳಿದೆ. ಅವರಿಗೆ ಬಹಳ ನೋವಾಯಿತು. “ಹಂಗೆಲ್ಲ ಬಿಡ್ಸಿ ಕೇಳ್ತಾರೇನಮ್ಮ?” ಎಂದು ಫೋನ್ ಇಟ್ಟರು. ಅವರ ಮಾವ ತೀರಿಕೊಂಡಿದ್ದರು. ಪದವನ್ನು ರದ್ದುಪಡಿಸುವ ಅಧಿಕಾರ ನನಗಿಲ್ಲವೆಂದು ಅಂದು ತಿಳಿದುಕೊಂಡೆ. ಅದು ಇರುವುದು ಹೇಳಲಾಗದ್ದನ್ನು ಹೇಳುವುದಕ್ಕೆ. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಆರು ಮೂಸಂಬಿ ಇದ್ದ ಆ ಎರಡು ಗಂಟೆಗಳ ಕಾಲ ನನ್ನ ತಂದೆ ನನ್ನ ಪಾಲಿಗೆ ಬದುಕಿಯೇ ಇದ್ದರು. ಅದಕ್ಕಾಗಿ ತಮ್ಮನ ಮೇಲೆ ನನಗೆ ಈಗ ಕೋಪವಿಲ್ಲ.

ಈ ಸಂಗತಿಯನ್ನು ಒಂದು ಭಾನುವಾರ ಗೌರಿಬಿದನೂರಿನ ಮನೆಯಲ್ಲಿ ನಾನೂ ತಮ್ಮನೂ ಚರ್ಚಿಸುತ್ತಿದ್ದೆವು. ಮುಂದೆ ಎಂದಾದರೂ ಹೇಳಬೇಕಾಗಿ ಬಂದರೆ ನಾವಿಬ್ಬರು ಯಾವ ಪದ ಬಳಸಬೇಕು, ಮೊದಲೇ ಗೊತ್ತುಮಾಡಿಕೊಳ್ಳೋಣ ಎಂದೆ ನಾನು. ಅವನು ಒಂದು ಹೇಳಿದ, ನಾನು ಒಪ್ಪಲಿಲ್ಲ. ನಾನು ಒಂದು ಹೇಳಿದೆ, ಅದು ಸುತ್ತೋಲೆಯ ಹಾಗಿದೆ ಎಂದ. ಯಾರ ಬಗ್ಗೆ ಮಾತಾಡುತ್ತಿದ್ದೇವೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು, ನಿದ್ದೆ ಮಾಡುತ್ತಿದ್ದಾರೆಂದು ನಾವು ತಿಳಿದಿದ್ದೆವು.

“ಸೆಟ್ಟು ತರ್ಬೇಡ ಅನ್ನು” ಎಂದರು ಅಮ್ಮ.

ಇಬ್ಬರೂ ತಿರುಗಿ ನೋಡಿದೆವು.

“ನಾನ್ ಹೋದ್ ದಿನ. ಸೆಟ್ಟು ತರ್ಬೇಡ ಕಣೋ ಅಂತ ಹೇಳು ಅವ್ನಿಗೆ. ಅಷ್ಟೇ ಸಾಕು. ಅರ್ಥ ಆಗ್ತದೆ.” ಕಣ್ಣು ತೆರೆಯದೆಯೇ ಇನ್ನೊಂದು ಮಾತು ಸೇರಿಸಿದರು: “ಅಲ್ಲೀವರ್ಗೂ ಇಬ್ರೂ ಅದನ್ನ ಎಲ್ಲೆಲ್ಲೋ ಬಿಟ್ಟು ಬರ್ಬ್ಯಾಡಿ.”

ತಮ್ಮ ಎದ್ದು ಬಚ್ಚಲಿಗೆ ಹೋದ. ಲೋಟ ತೊಳೆದು ನೀರು ಬದಲಾಯಿಸುವ ಸದ್ದು ಕೇಳಿಸಿತು.

ಈಗ ಅಮ್ಮ ನನ್ನ ಮನೆಗೆ ಬಂದಾಗ ಮಾತ್ರೆಗಳು ಪಟ್ಟಿಯ ಸಮೇತ ಬರುತ್ತವೆ, ಚೀಟಿಯ ಒಂದು ಪ್ರತಿ ನನ್ನ ಫೋನಿನಲ್ಲಿದೆ. ಅವರು ಬಂದು ಇಳಿದ ಕೂಡಲೇ ನಾನು ತಮ್ಮನಿಗೆ ಫೋನ್ ಮಾಡಿ, ಕಚೇರಿಯಲ್ಲಿ ಕಡತ ಬಂದುದಕ್ಕೆ ಸ್ವೀಕೃತಿ ಕೊಡುವ ಹಾಗೆ, ಸೆಟ್ಟು ತಲುಪಿದೆ ಎಂದು ತಿಳಿಸುತ್ತೇನೆ. ಅವನು ಆ ಕಡೆಯಿಂದ ಸರಿ ಅಕ್ಕ ಎನ್ನುತ್ತಾನೆ. ಬೇರೇನನ್ನೂ ಕೇಳುವುದಿಲ್ಲ.